ಇಳಿದ ಹಿಂಬಾಗಿಲು: ಸ್ಟ್ರೈಕರ್‌ಗೆ ಪಾನಾ ಹಾಕುವ ಮುನ್ನ

"ಅಣ್ಣಾ, ಹಿಂದಿನ ಡೋರ್ ಇಳಿದೈತಿ. ಎತ್ತಿ ಹಾಕಿದ್ರಷ್ಟೇ ಲಾಕ್ ಆಗ್ತೈತಿ. ಏನ್ ಮಾಡ್ಲಿ?"

ಸಂಡೂರಿನವರು, ಸಿರುಗುಪ್ಪದವರು, ಗಂಗಾವತಿ ಮತ್ತು ಸಿಂಧನೂರಿನ ಭತ್ತದ ಸೀಮೆಯವರು ಎಲ್ಲರೂ ಕೇಳುವುದು ಇದನ್ನೇ. ಗಾಡಿ ಹಳೆಯ ಬೊಲೆರೊ ಆಗಿರುತ್ತದೆ, ಇಲ್ಲವೇ ಸುಮೊ, ಅಪರೂಪಕ್ಕೆ ಯಾರೋ ಪ್ರೀತಿಯಿಂದ ಉಳಿಸಿಕೊಂಡ ಜಿಪ್ಸಿ. ಮೂರರಲ್ಲೂ ಹಿಂಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ಅದರ ಬೆನ್ನ ಮೇಲೆ ಸ್ಟೆಪ್ನಿ ಕೂತಿರುತ್ತದೆ. ಬೊಲೆರೊದ 15 ಇಂಚಿನ ಕಬ್ಬಿಣದ ರಿಮ್ಮು, ಟೈರು ಎರಡೂ ಸೇರಿದರೆ ತೂಕ 20 ಕೆಜಿ ದಾಟುತ್ತದೆ. ಆ ಭಾರ ಕೀಲಿನಿಂದ ದೂರದಲ್ಲಿ ನೇತಾಡುತ್ತ, ಅದಿರು ಲಾರಿಗಳು ಕೆತ್ತಿಹಾಕಿದ ರಸ್ತೆಯಲ್ಲಿ ದಿನವೂ ಕುಣಿಯುತ್ತದೆ. ಬಾಗಿಲು ಇಳಿಯದಿದ್ದರೆ ಆಶ್ಚರ್ಯ.

ಬರೀ ಗಲಗಲ ಸದ್ದಲ್ಲವೇ ಎಂದು ತಳ್ಳಿಹಾಕಬೇಡಿ. ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಕೆಂಪು ದೂಳು ಸುತ್ತಿಕೊಂಡು ಬಂದು ಬಾಗಿಲ ಸಂದಿಯಲ್ಲಿ ಒಳನುಗ್ಗುತ್ತದೆ. ಸೈಲೆನ್ಸರ್ ಹೊಗೆಯೂ ಅದೇ ದಾರಿ ಹಿಡಿಯುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರೆ ಎಂದಾದರೆ ಈ ಕೆಲಸವನ್ನು ಮುಂದಿನ ತಿಂಗಳಿಗೆ ಹಾಕಬೇಡಿ.

ಮೊದಲು ನಾಲ್ಕು ಪದ

ಕೀಲು ಎಂದರೆ ಗ್ಯಾರೇಜಿನಲ್ಲಿ ‘ಹಿಂಜಸ್’ ಅನ್ನುವ ಭಾಗ. ಮೇಲೊಂದು, ಕೆಳಗೊಂದು ಇರುತ್ತದೆ. ಪ್ರತಿ ಕೀಲಿಗೆ ಎರಡು ರೆಕ್ಕೆ: ಒಂದು ಬಾಡಿಯ ಕಂಬಕ್ಕೆ, ಇನ್ನೊಂದು ಬಾಗಿಲಿಗೆ. ಎರಡನ್ನೂ ಪೋಣಿಸಿದ ಕಡ್ಡಿಯೇ ಪಿನ್. ಪಿನ್ನಿನ ಸುತ್ತ ಉಂಗುರದಂತೆ ಕೂತದ್ದು ಬುಷ್. ಕೆಲವು ಕೀಲುಗಳಲ್ಲಿ ಅದು ಇರುವುದೇ ಇಲ್ಲ.

ಸ್ಟ್ರೈಕರ್ ಎಂದರೆ ಎದುರು ಬದಿಯ ಕಂಬದ ಮೇಲಿರುವ ಕೊಂಡಿ. ಬಾಗಿಲ ಲಾಕು ಇದನ್ನು ಕಚ್ಚಿಕೊಳ್ಳುತ್ತದೆ. ಬೀಡಿಂಗ್ ಎಂದರೆ ಸುತ್ತಲಿನ ರಬ್ಬರು. ಶಿಮ್ ಎಂದರೆ ಕೀಲಿನ ಅಡಿಗೆ ಕೊಡುವ ತೆಳು ಉಕ್ಕಿನ ತಗಡು.

ಬಹಳ ಜನ ಎಡವುವುದು ಸ್ಟ್ರೈಕರ್ ಹತ್ತಿರವೇ. ಬಾಗಿಲು ಇಳಿದು ಲಾಕು ಕೂರದಿದ್ದಾಗ, ಸ್ಟ್ರೈಕರ್ ಸಡಿಲಿಸಿ ಕೆಳಗೆ ಸರಿಸಿದರೆ ಐದು ನಿಮಿಷದಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ನನ್ನ ಗಾಡಿಗೂ ಒಬ್ಬರು ಹೀಗೇ ಮಾಡಿಕೊಟ್ಟಿದ್ದರು, ನಾನೂ ಖುಷಿಯಿಂದ ದುಡ್ಡು ಕೊಟ್ಟು ಬಂದಿದ್ದೆ. ಸವೆದ ಪಿನ್ನು ಸವೆಯುತ್ತಲೇ ಹೋಯಿತು. ಸ್ಟ್ರೈಕರ್‌ಗೆ ಕೆಳಗೆ ಸರಿಯಲು ಜಾಗ ಉಳಿಯದಿದ್ದಾಗ ಕಂಬದ ತಗಡು ಸೀಳಿತ್ತು. ಸ್ಟ್ರೈಕರ್ ಕೊನೆಯ ಹಂತದ ಕೆಲಸ. ಅಲ್ಲಿಯವರೆಗೆ ಮುಟ್ಟಬೇಡಿ.

ಬೇಕಾದ ಸಾಮಾನು

10, 12, 13 ನಂಬರಿನ ಪಾನಾ ಮತ್ತು ಸಾಕೆಟ್. ಉದ್ದ ಹಿಡಿಯ ರ‍್ಯಾಚೆಟ್. ಟ್ರಾಲಿ ಜಾಕಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಗಾಡಿಯದೇ ಜಾಕಿ ಮತ್ತು ಅದರ ತಲೆಗೆ ಇಡಲು ಮರದ ತುಂಡು, ಹಳೆಯ ಗೋಣಿಚೀಲ. ತುಕ್ಕು ಬಿಡಿಸುವ ಎಣ್ಣೆ. ಪಿನ್ ಹೊಡೆಯಲು ಪಿನ್ನಿಗಿಂತ ಸ್ವಲ್ಪ ಸಣ್ಣ ಉಕ್ಕಿನ ಪಂಚು, ಸುತ್ತಿಗೆ. ಟಾರ್ಚು, ಅಳತೆ ಟೇಪು, ಮಾರ್ಕರ್. 1 ಮಿ.ಮೀ. ದಪ್ಪದ ಉಕ್ಕಿನ ತಗಡಿನ ನಾಲ್ಕು ತುಂಡು.

ಮತ್ತೆ ಒಬ್ಬ ಮನುಷ್ಯ. ಗಾಜು ಸಮೇತದ ಬಾಗಿಲನ್ನು ಒಬ್ಬರೇ ಹಿಡಿದು ಬೋಲ್ಟ್ ಬಿಚ್ಚುವ ಸಾಹಸ ಬೇಡ.

ಹಂತ 1: ನಿಲ್ಲಿಸಿ, ಅಳೆಯಿರಿ

ಬೆಳಿಗ್ಗೆಯೇ ಶುರು ಮಾಡಿ. ಏಪ್ರಿಲ್, ಮೇನಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹನ್ನೊಂದರ ಮೇಲೆ ಕೀಲಿಗೆ ಕೈ ಇಡಲಿಕ್ಕೂ ಆಗುವುದಿಲ್ಲ.

ಗಾಡಿ ಸಮತಟ್ಟಾದ ನೆಲದ ಮೇಲೆ ನಿಲ್ಲಲಿ. ಒಂದು ಚಕ್ರ ತಗ್ಗಿನಲ್ಲಿದ್ದರೂ ಹಳೆಯ ಬಾಡಿ ತಿರುಚಿಕೊಂಡು ಬಾಗಿಲ ಚೌಕಟ್ಟು ಓರೆಯಾಗುತ್ತದೆ, ಅಳತೆ ಸುಳ್ಳಾಗುತ್ತದೆ. ನಾಲ್ಕೂ ಟೈರಿನ ಗಾಳಿ ನೋಡಿ. ಒಳಗೆ ಯೂರಿಯಾ ಚೀಲ ಇದ್ದರೆ ಇಳಿಸಿ.

ಸ್ಟೆಪ್ನಿ ಇನ್ನೂ ಬಾಗಿಲ ಮೇಲಿರುವಾಗಲೇ ಬಾಗಿಲು ಹಾಕಿ, ಸುತ್ತಲಿನ ಸಂದಿಯನ್ನು ನಾಲ್ಕು ಮೂಲೆಯಲ್ಲಿ ಅಳೆದು ಬರೆದುಕೊಳ್ಳಿ. ಇಳಿದ ಬಾಗಿಲಿನಲ್ಲಿ ಲಾಕಿನ ಬದಿಯ ಮೇಲಿನ ಮೂಲೆ ಅಗಲವಾಗಿರುತ್ತದೆ, ಕೆಳಗಿನ ಮೂಲೆ ಕಿರಿದಾಗಿರುತ್ತದೆ.

ನಂತರ ಬಾಗಿಲು ತೆರೆದು, ಖಾಲಿ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಕತ್ತರಿಯಾಕಾರದಲ್ಲಿ ಅಳೆಯಿರಿ. ಎರಡು ಅಳತೆಯಲ್ಲಿ ಬಹಳ ವ್ಯತ್ಯಾಸ ಬಂದರೆ ತಪ್ಪು ಬಾಗಿಲಿನದ್ದಲ್ಲ, ಬಾಡಿಯದ್ದು. ಚಾಸಿಗೂ ಬಾಡಿಗೂ ನಡುವಿನ ಮೌಂಟಿಂಗ್ ರಬ್ಬರು ಅಪ್ಪಚ್ಚಿಯಾಗಿರಬಹುದು, ಇಲ್ಲವೇ ಹಿಂದಿನಿಂದ ಯಾರೋ ಗುದ್ದಿರಬಹುದು. ಅಂಥ ಗಾಡಿಗೆ ಈ ಲೇಖನ ಸಾಲದು, ಮೊದಲು ಬಾಡಿ ಕೆಲಸದವರ ಹತ್ತಿರ ಹೋಗಿ.

ಹಂತ 2: ಸ್ಟೆಪ್ನಿ ಇಳಿಸಿ, ಮತ್ತೆ ಅಳೆಯಿರಿ

ಸ್ಟೆಪ್ನಿ ಬಿಚ್ಚಿ ಪಕ್ಕಕ್ಕಿಡಿ. ಬಾಗಿಲಿಗೆ ಕ್ಯಾನು, ಏಣಿ ಏನಾದರೂ ಜೋಡಿಸಿದ್ದರೆ ಅದೂ ಕೆಳಗೆ ಬರಲಿ. ಈಗ ಬಾಗಿಲು ಹಾಕಿ ಅದೇ ನಾಲ್ಕು ಮೂಲೆ ಅಳೆಯಿರಿ.

ಭಾರ ಇಳಿದ ಕೂಡಲೇ ಬಾಗಿಲು ತಾನಾಗಿ ಮೂರ್ನಾಲ್ಕು ಮಿ.ಮೀ. ಮೇಲೆ ಬಂತೆ? ಹಾಗಾದರೆ ಎಲ್ಲೋ ತಗಡು ಬಾಗುತ್ತಿದೆ; ಬಿರುಕು ಹುಡುಕಿ. ಹೆಚ್ಚೇನೂ ಬದಲಾಗಲಿಲ್ಲವೆ? ಆಗ ಪಿನ್ ಸವೆದಿರಬೇಕು, ಇಲ್ಲವೇ ಬೋಲ್ಟ್ ಜಾರಿರಬೇಕು. ಸವೆದ ಪಿನ್ನಿನಲ್ಲಿ ಬಾಗಿಲು ತನ್ನ ಸ್ವಂತ ತೂಕಕ್ಕೇ ತಳಕ್ಕೆ ಕೂತಿರುತ್ತದೆ, ಸ್ಟೆಪ್ನಿ ಇದ್ದರೂ ಇಲ್ಲದಿದ್ದರೂ ಅಲ್ಲೇ.

ಹಂತ 3: ರೋಗ ಎಲ್ಲಿದೆ?

ಇಲ್ಲಿ ಅವಸರ ಬೇಡ. ಅರ್ಧ ಗಂಟೆ ಹೋದರೂ ಹೋಗಲಿ.

ಬಾಗಿಲನ್ನು ಒಂದು ಗೇಣು ತೆರೆಯಿರಿ. ಜೊತೆಯವರು ಲಾಕಿನ ಬದಿಯ ಕೆಳಮೂಲೆ ಹಿಡಿದು ಮೇಲೆ ಎತ್ತಿ ಬಿಡಲಿ, ಎತ್ತಿ ಬಿಡಲಿ. ನೀವು ಟಾರ್ಚು ಹಿಡಿದು ಮೇಲಿನ ಕೀಲನ್ನೇ ನೋಡುತ್ತಿರಿ, ಬೆರಳನ್ನು ಎರಡು ರೆಕ್ಕೆಗಳ ಸಂದಿಯ ಮೇಲೆ ಇಟ್ಟುಕೊಳ್ಳಿ. ಆಮೇಲೆ ಕೆಳಗಿನ ಕೀಲು.

ಎರಡು ರೆಕ್ಕೆಗಳು ಒಂದಕ್ಕೊಂದು ಅಲುಗಿದರೆ ಪಿನ್ ಅಥವಾ ಬುಷ್ ಸವೆದಿದೆ. ಮೆಕ್ಯಾನಿಕ್‌ಗಳು ‘ಪ್ಲೇ ಬಂದೈತಿ’ ಅನ್ನುವುದು ಇದಕ್ಕೇ. ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಕಾಣುವುದೂ ಇದೇ: ಗ್ರೀಸಿಗೆ ಅಂಟಿದ ಅದಿರಿನ ದೂಳು ಪಾಲಿಶ್ ಕಾಗದದಂತೆ ಪಿನ್ನನ್ನು ತೇಯುತ್ತದೆ.

ಇಡೀ ಕೀಲು ಕಂಬದ ಮೇಲೋ ಬಾಗಿಲ ಮೇಲೋ ಸರಿದಾಡಿದರೆ ಬೋಲ್ಟ್ ಸಡಿಲ. ಕೆಲವೊಮ್ಮೆ ಬೋಲ್ಟ್ ಬಿಗಿಯಾಗಿಯೇ ಇರುತ್ತದೆ, ಆದರೆ ಕೀಲು ಹಿಂದೆಂದೋ ಜಾರಿ ಹೊಸ ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಇದನ್ನು ಪತ್ತೆಮಾಡಲು ರೆಕ್ಕೆಯ ಅಂಚು ನೋಡಿ. ಪಕ್ಕದಲ್ಲಿ ಹಳೆಯ ಬಣ್ಣದ ಗೆರೆಯೋ, ದೂಳು ಕಾಣದ ಹೊಳಪು ಪಟ್ಟಿಯೋ ಕಂಡರೆ ಕೀಲು ಅಲ್ಲಿಂದ ಸರಿದಿದೆ.

ಕೀಲು ಗಟ್ಟಿ, ಬೋಲ್ಟೂ ಗಟ್ಟಿ, ಆದರೆ ಅದರ ಅಡಿಯ ತಗಡೇ ಉಸಿರಾಡಿದಂತೆ ಒಳಹೊರಗೆ ಆಡುತ್ತದೆ ಎಂದರೆ ಬಿರುಕು. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ, ಅದರಿಂದ ಸೋರಿದ ತುಕ್ಕಿನ ಕಂದು ನೀರು ಇದರ ಗುರುತು. ಸ್ಟೆಪ್ನಿ ಹೊತ್ತ ಬ್ರಾಕೆಟ್ಟಿನ ಸುತ್ತಲೂ ಹುಡುಕಲು ಮರೆಯಬೇಡಿ.

ಸ್ವಲ್ಪ ಸವೆತದಿಂದ ಇಷ್ಟೊಂದು ಇಳಿಯುತ್ತದೆಯೇ ಎಂದು ಕೇಳುವವರಿಗೆ ಒಂದು ಲೆಕ್ಕ. ಎರಡು ಕೀಲುಗಳ ನಡುವಿನ ಅಂತರ 40 ಸೆಂ.ಮೀ., ಬಾಗಿಲ ಅಗಲ 120 ಸೆಂ.ಮೀ. ಎಂದಿಟ್ಟುಕೊಳ್ಳಿ. 120ನ್ನು 40ರಿಂದ ಭಾಗಿಸಿದರೆ 3. ಮೇಲಿನ ಕೀಲಿನಲ್ಲಿ 1 ಮಿ.ಮೀ. ಸವೆದರೆ ಲಾಕಿನ ತುದಿ 3 ಮಿ.ಮೀ. ಕೆಳಗೆ ಬರುತ್ತದೆ. ನಿಮ್ಮ ಬಾಗಿಲನ್ನು ಅಳೆದು ಈ ಅನುಪಾತ ಬರೆದಿಟ್ಟುಕೊಳ್ಳಿ, ಆರನೇ ಹಂತದಲ್ಲಿ ಇದು ಮತ್ತೆ ಬೇಕು.

ಹಂತ 4: ಗುರುತು, ಆಸರೆ, ಬ್ಯಾಟರಿ

ಪ್ರತಿ ರೆಕ್ಕೆಯ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬಾಗಿಲ ಕೆಳಗೆ ಜಾಕಿ, ಜಾಕಿಯ ಮೇಲೆ ಮರ, ಮರದ ಮೇಲೆ ಗೋಣಿ. ಬಾಗಿಲ ಭಾರವನ್ನು ಜಾಕಿ ಹೊರುವಷ್ಟೇ ಎತ್ತಿ.

ಬಾಗಿಲನ್ನು ಪೂರ್ತಿ ಕಳಚುವುದಾದರೆ ಬ್ಯಾಟರಿಯ ಮೈನಸ್ ಬಿಚ್ಚಿ, ನಂಬರ್ ಪ್ಲೇಟ್ ದೀಪ ಮತ್ತು ವೈಪರ್‌ನ ವೈರುಗಳನ್ನು ಸಾಕೆಟ್ಟಿನಲ್ಲೇ ಬಿಡಿಸಿ. ರಬ್ಬರು ಕೊಳವೆಯೊಳಗಿನ ವೈರನ್ನು ಮರೆತು ಬಾಗಿಲು ಎತ್ತಿದವರು ಬಹಳ ಮಂದಿ ಇದ್ದಾರೆ.

ಹಂತ 5: ರೋಗಕ್ಕೆ ತಕ್ಕ ಮದ್ದು

ಬೋಲ್ಟ್ ಮಾತ್ರ ಸಡಿಲವಿದ್ದರೆ ನೀವು ಅದೃಷ್ಟವಂತರು. ಒಂದೊಂದನ್ನೇ ಬಿಚ್ಚಿ, ಎಳೆ ಸವೆದಿದೆಯೇ ನೋಡಿ, ಸಂಶಯವಿದ್ದರೆ ಹೊಸದು ಹಾಕಿ. ತಲೆಯ ಮೇಲೆ 8.8 ಎಂದು ಅಚ್ಚಾದ ಬೋಲ್ಟನ್ನೇ ಕೇಳಿ ತನ್ನಿ. ಗುರುತಿಲ್ಲದ ಮೆತ್ತನೆ ಬೋಲ್ಟು ಎಳೆದುಕೊಂಡು ಉದ್ದವಾಗಿ ಮತ್ತೆ ಸಡಿಲಾಗುತ್ತದೆ. ಬೋಲ್ಟ್ ತಿರುಗುತ್ತಲೇ ಇದ್ದು ಹೊರಬರದಿದ್ದರೆ ಕಂಬದ ಒಳಗೆ ಬೆಸೆದ ನಟ್ ಕಿತ್ತಿದೆ ಎಂದರ್ಥ. ಬಲಪ್ರಯೋಗ ಬೇಡ. ಒಳಗಿನ ಟ್ರಿಮ್ (ತಗಡನ್ನು ಮುಚ್ಚುವ ಹೊದಿಕೆ) ತೆಗೆದು ನಟ್ಟಿನವರೆಗೆ ಕೈ ಹೋಗುತ್ತದೆಯೇ ನೋಡಿ, ಹೋಗದಿದ್ದರೆ ಬಾಡಿ ಕೆಲಸದವರಿಗೆ ಬಿಡಿ.

ಪಿನ್ ಸವೆದಿದ್ದರೆ ಒಂದು ಕೀಲು ಮುಗಿಸಿ ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿರಿ. ಪಿನ್ನಿನ ಯಾವ ತುದಿಗೆ ತಲೆ ಇದೆ, ಯಾವ ತುದಿಯಲ್ಲಿ ಪಿನ್ ಜಾರದಂತೆ ತಡೆಯುವ ಉಂಗುರವಿದೆ ಎಂದು ನೋಡಿಕೊಂಡು, ಉಂಗುರ ಬಿಡಿಸಿ, ತಲೆಯಿಲ್ಲದ ಕಡೆಯಿಂದ ಪಂಚು ಇಟ್ಟು ಹೊಡೆಯಿರಿ. ಹೊಡೆಯುವಾಗ ಕೀಲಿನ ಹಿಂದೆ ಇನ್ನೊಂದು ಭಾರದ ಸುತ್ತಿಗೆಯನ್ನು ಜೊತೆಯವರು ಒತ್ತಿಹಿಡಿಯಲಿ. ಇಲ್ಲದಿದ್ದರೆ ಪೆಟ್ಟೆಲ್ಲ ಕಂಬದ ತಗಡಿಗೆ ಬೀಳುತ್ತದೆ. ಪಿನ್ನಿನ ಎರಡು ತುದಿಯೂ ಜಜ್ಜಿ ರಿವೆಟ್ ಮಾಡಿದ್ದರೆ ಇಡೀ ಕೀಲನ್ನು ಬದಲಿಸುವುದೇ ಸರಿ.

ಹೊರಬಂದ ಪಿನ್ನನ್ನು ಉಗುರಿನಿಂದ ಸವರಿ. ಮೆಟ್ಟಿಲು ಸಿಕ್ಕಿದರೆ ಅಲ್ಲೇ ಸವೆತ. ತೂತನ್ನೂ ನೋಡಿ. ತೂತು ಗುಂಡಗಿದ್ದರೆ ಹೊಸ ಪಿನ್, ಬುಷ್ ಸಾಕು. ಮೊಟ್ಟೆಯಾಕಾರವಾಗಿದ್ದರೆ ಹೊಸ ಪಿನ್ ಹಾಕಿ ಪ್ರಯೋಜನವಿಲ್ಲ, ತಿಂಗಳಲ್ಲಿ ಮತ್ತೆ ಅದೇ ಕಥೆ. ಕೀಲನ್ನು ಬಿಚ್ಚಿಕೊಂಡು ಲೇತ್ ಅಂಗಡಿಗೆ ಹೋಗಿ. ಬಳ್ಳಾರಿಯ ಕೌಲ್ ಬಜಾರ್ ಕಡೆಯವರಾಗಲಿ, ರಾಯಚೂರು, ಕೊಪ್ಪಳದವರಾಗಲಿ, ಬೋರ್‌ವೆಲ್ ಮತ್ತು ಟ್ರ್ಯಾಕ್ಟರ್ ಕೆಲಸದಿಂದಾಗಿ ನಮ್ಮ ಕಡೆ ಒಳ್ಳೆಯ ಟರ್ನರ್‌ಗಳಿಗೆ ಬರವಿಲ್ಲ. ಅವರಿಗೆ ಹೀಗೆ ಹೇಳಿ: ತೂತನ್ನು ಗುಂಡಗೆ ರೀಮರ್ ಹೊಡೆದು, ಹಿತ್ತಾಳೆ ಬುಷ್ ಬಿಗಿಯಾಗಿ ಕೂರಿಸಿ, ಪಿನ್ ಕೈಯಿಂದ ನೂಕಿದರೆ ಒಳಗೆ ಹೋಗಬೇಕು, ಆದರೆ ಆಡಬಾರದು. ಉದಾಹರಣೆಗೆ 8 ಮಿ.ಮೀ. ಪಿನ್ನಿನ ತೂತು ಕೆಟ್ಟಿದ್ದರೆ ಅದನ್ನು 10ಕ್ಕೆ ಏರಿಸಿ, ಒಳಗೆ 8, ಹೊರಗೆ 10 ಮಿ.ಮೀ. ಇರುವ ಬುಷ್ ಹಾಕಬಹುದು. ಎರಡೂ ಕೀಲುಗಳಿಗೆ ಒಟ್ಟಿಗೇ ಮಾಡಿಸಿ. ಒಂದಕ್ಕೆ ಮಾತ್ರ ಹೊಸ ಬುಷ್ ಹಾಕಿದರೆ ಇಡೀ ಭಾರ ಅದರ ಮೇಲೇ ಬೀಳುತ್ತದೆ. ಆ ಹೊತ್ತಿಗೆ ಬಾಗಿಲನ್ನು ಕಳಚಿ, ಹಾಸಿದ ಗೋಣಿಯ ಮೇಲೆ ಮಲಗಿಸುವುದೇ ಕ್ಷೇಮ.

ಗುಜರಿಯಿಂದ ಹಳೆಯ ಕೀಲು ತರಬಹುದೇ ಎಂದು ಕೇಳುತ್ತಾರೆ. ತರಬಹುದು, ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ ತನ್ನಿ. ಆದರೆ ಅದೂ ಇದೇ ಸೀಮೆಯಲ್ಲಿ ಓಡಿದ ಗಾಡಿಯದ್ದೇ ಅಲ್ಲವೇ?

ತಗಡು ಬಿರಿದಿದ್ದರೆ ವೆಲ್ಡಿಂಗ್ ಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮಾಡಿಸುವವರಿಗೆ ಮೂರು ಮಾತು ಹೇಳಿ. ಬಿರುಕಿನ ಎರಡು ತುದಿಯಲ್ಲೂ ಸಣ್ಣ ತೂತು ಕೊರೆದು, ಅದು ಮುಂದೆ ಹರಿಯದಂತೆ ಮಾಡಿಯೇ ಬೆಸೆಯಲಿ. ಒಳಗಿನಿಂದ ಅಗಲವಾದ 3 ಮಿ.ಮೀ. ಪ್ಲೇಟು ಕೊಡಲಿ, ಭಾರ ಹಂಚಿಹೋಗಲಿ. ಬ್ಯಾಟರಿ ಬಿಚ್ಚಿ, ಒಳಗಿನ ಟ್ರಿಮ್, ಫೋಮು, ಬೀಡಿಂಗ್ ತೆಗೆದು, ಇಂಧನದ ಟ್ಯಾಂಕು, ಪೈಪು ಎಲ್ಲಿವೆ ಎಂದು ನೋಡಿಯೇ ಕಿಡಿ ಹಾರಿಸಲಿ. ಕೀಲಿನ ರೆಕ್ಕೆಯನ್ನೇ ಕಂಬಕ್ಕೆ ಬೆಸೆದುಬಿಡುತ್ತೇನೆ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಮುಂದೆ ಹೊಂದಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಹಂತ 6: ಬಾಗಿಲನ್ನು ಎತ್ತಿ ಹೊಂದಿಸುವುದು

ಕೀಲಿನ ಒಂದು ರೆಕ್ಕೆಯ ತೂತುಗಳು ಸಾಮಾನ್ಯವಾಗಿ ಬೋಲ್ಟಿಗಿಂತ ದೊಡ್ಡದಿರುತ್ತವೆ, ಸರಿಸಲಿಕ್ಕೆಂದೇ. ಆ ಬದಿಯ ಬೋಲ್ಟುಗಳನ್ನು ತಳ್ಳಿದರೆ ಜರುಗುವಷ್ಟು ಮಾತ್ರ ಸಡಿಲಿಸಿ.

ಲಾಕಿನ ಬದಿಯ ಕೆಳಗಿಟ್ಟ ಜಾಕಿಯನ್ನು ಕೂದಲೆಳೆಯಷ್ಟು ಎತ್ತಿ. ಬಾಗಿಲು ತನ್ನ ಸಮತಲದಲ್ಲೇ ತಿರುಗಿ, ಮೇಲಿನ ಕೀಲು ಕಂಬದ ಕಡೆಗೆ, ಕೆಳಗಿನದು ಕಂಬದಿಂದ ಆಚೆಗೆ ಸರಿಯುತ್ತದೆ. ನಮಗೆ ಬೇಕಾದದ್ದೂ ಅದೇ. ಬಿಗಿಮಾಡಿ, ಜಾಕಿ ತೆಗೆದು, ಮೆಲ್ಲಗೆ ಬಾಗಿಲು ಹಾಕಿ ಸಂದಿ ನೋಡಿ. ಸ್ಟ್ರೈಕರ್ ಇನ್ನೂ ಹಿಂದಿನ ಜಾಗದಲ್ಲೇ ಇರುವುದರಿಂದ ಲಾಕು ಡಿಕ್ಕಿ ಹೊಡೆಯುವಂತಿದ್ದರೆ ಅದನ್ನು ತಾತ್ಕಾಲಿಕವಾಗಿ ಬಿಚ್ಚಿಡಿ. ಒಂದೇ ಸಲಕ್ಕೆ ಸರಿಹೋಗುವುದಿಲ್ಲ. ನಾಲ್ಕೈದು ಸಲ ಬಿಚ್ಚಿ ಕಟ್ಟುವ ತಾಳ್ಮೆ ಇಟ್ಟುಕೊಳ್ಳಿ, ನಡುವೆ ಚಹಾ ಕುಡಿಯಿರಿ.

ತೂತಿನಲ್ಲಿ ಜಾಗ ಸಾಲದೇ ಹೋದರೆ ಶಿಮ್. ಇಲ್ಲಿ ಕೀಲು ಹೇಗೆ ಕೂತಿದೆ ಎಂಬುದು ಮುಖ್ಯ. ರೆಕ್ಕೆ ಕಂಬದ ಪಕ್ಕದ ಮುಖಕ್ಕೆ, ಅಂದರೆ ಲಾಕಿನ ಬದಿಯತ್ತ ಮುಖಮಾಡಿ ಕೂತಿದ್ದರೆ, ಕೆಳಗಿನ ಕೀಲಿನ ಅಡಿಗೆ 1 ಮಿ.ಮೀ. ಶಿಮ್ ಕೊಡಿ. ಮೇಲಿನ ಲೆಕ್ಕದ ಬಾಗಿಲಾದರೆ ಲಾಕಿನ ತುದಿ 3 ಮಿ.ಮೀ. ಮೇಲೇರುತ್ತದೆ. ರೆಕ್ಕೆ ಗಾಡಿಯ ಹಿಂಬದಿಯ ಮುಖಕ್ಕೆ ಚಪ್ಪಟೆಯಾಗಿ ಕೂತಿದ್ದರೆ ಶಿಮ್ಮಿನಿಂದ ಬಾಗಿಲು ಒಳಹೊರಗೆ ಸರಿಯುತ್ತದೆಯೇ ಹೊರತು ಮೇಲೇರುವುದಿಲ್ಲ. ಅಲ್ಲಿ ತೂತಿನ ಜಾಗವೇ ಗತಿ.

ಟ್ಯೂಬಿನ ತುಂಡನ್ನೋ ರಟ್ಟನ್ನೋ ಶಿಮ್ ಮಾಡಬೇಡಿ. ಅವು ಅದುಮಿಕೊಂಡಂತೆ ಬೋಲ್ಟ್ ಸಡಿಲಾಗುತ್ತದೆ. ಇನ್ನೊಂದು ಹಳೆಯ ಚಾಳಿ: ಕೀಲಿನ ನಡುವೆ ಮರದ ತುಂಡು ಸಿಕ್ಕಿಸಿ ಬಾಗಿಲನ್ನು ಒತ್ತಿ ಹಾಕಿ ಕೀಲನ್ನೇ ಬಗ್ಗಿಸುವುದು. ಸ್ಟೆಪ್ನಿ ಹೊರುವ ಬಾಗಿಲಿಗೆ ಇದು ಬೇಡವೇ ಬೇಡ.

ಸ್ಟೆಪ್ನಿ ಇಲ್ಲದಾಗ ಸಂದಿ ಅಚ್ಚುಕಟ್ಟಾಗಿ ಸಮ ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. ಲಾಕಿನ ತುದಿ 2 ಮಿ.ಮೀ.ನಷ್ಟು ಮೇಲೇ ಇರಲಿ. ಸ್ಟೆಪ್ನಿ ಹಾಕಿದ ಮೇಲೆ ಅದು ಕೂರುತ್ತದೆ.

ಕೊನೆಯ ಬಿಗಿತ: ಗಾಡಿಯ ಕೈಪಿಡಿಯಲ್ಲಿ ಅಂಕಿ ಇದ್ದರೆ ಅದನ್ನೇ ಅನುಸರಿಸಿ. ಇಲ್ಲವಾದರೆ 8.8 ದರ್ಜೆಯ ಎಂ8 (8 ಮಿ.ಮೀ. ದಪ್ಪದ) ಬೋಲ್ಟಿಗೆ 25 ನ್ಯೂಟನ್ ಮೀಟರ್ ಆಸುಪಾಸು ಸಾಕು. ಪಾನಾಕ್ಕೆ ಪೈಪು ತೊಡಿಸಿ ಎಳೆಯುವ ಅಗತ್ಯವಿಲ್ಲ.

ಹಂತ 7: ಸ್ಟೆಪ್ನಿ ಏರಿಸಿ, ಈಗ ಸ್ಟ್ರೈಕರ್

ಸ್ಟೆಪ್ನಿ ಹಾಕಿ ನಾಲ್ಕು ಮೂಲೆ ಅಳೆಯಿರಿ. ಸರಿಯಿದ್ದರೆ ಸ್ಟ್ರೈಕರ್ ಬೋಲ್ಟುಗಳನ್ನು ಕೈಬಿಗಿ ಮಾಡಿ, ಬಾಗಿಲನ್ನು ನಿಧಾನವಾಗಿ ಹಾಕಿ. ಲಾಕು ತಾನೇ ಸ್ಟ್ರೈಕರನ್ನು ತನ್ನ ಜಾಗಕ್ಕೆ ಎಳೆದುಕೊಳ್ಳುತ್ತದೆ. ಹುಷಾರಾಗಿ ತೆರೆದು ಬಿಗಿಮಾಡಿ. ಬಾಗಿಲು ಹಾಕುವಾಗ ಅದು ಮೇಲಕ್ಕೆ ಜಿಗಿಯಲೂಬಾರದು, ಕೆಳಕ್ಕೆ ಕುಸಿಯಲೂಬಾರದು. ಜಿಗಿದರೆ ಸ್ಟ್ರೈಕರ್ ಮೇಲಿದೆ, ಕುಸಿದರೆ ಕೆಳಗಿದೆ.

ಸ್ಟ್ರೈಕರನ್ನು ಒಳಕ್ಕೆ ಹೆಚ್ಚು ಎಳೆದರೆ ಬಾಗಿಲು ಹಾಕಲು ಗುದ್ದಬೇಕಾಗುತ್ತದೆ. ಹೊರಗಿದ್ದರೆ ದೂಳು ಬರುತ್ತದೆ. ಇದಕ್ಕೆ ಕಾಗದದ ಪರೀಕ್ಷೆ ಇದೆ: ನೋಟಿನಷ್ಟು ಅಗಲದ ಕಾಗದದ ಪಟ್ಟಿಯನ್ನು ಬೀಡಿಂಗಿಗೆ ಅಡ್ಡ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಬಂದರೆ ಅಲ್ಲಿ ಸಂದಿ ಇದೆ. ಸುತ್ತಲೂ ಹತ್ತು ಕಡೆ ನೋಡಿ. ಹಳೆಯ ಬೀಡಿಂಗ್ ಬಿಸಿಲಿಗೆ ಕಲ್ಲಾಗಿದ್ದರೆ ಎಷ್ಟು ಹೊಂದಿಸಿದರೂ ದೂಳು ನಿಲ್ಲದು. ಹೊಸದು ಹಾಕಿಸಿ, ಹಾಕಿದ ಮೇಲೆ ಸ್ಟ್ರೈಕರ್ ಮತ್ತೊಮ್ಮೆ ನೋಡಿ.

ಹಂತ 8: ಆಮೇಲೆ

ಎರಡು ಕೆಟ್ಟ ರಸ್ತೆಯ ಓಡಾಟವಾದ ಮೇಲೆ, ಸುಮಾರು 100 ಕಿ.ಮೀ.ಗೆ, ಎಲ್ಲ ಬೋಲ್ಟುಗಳಿಗೂ ಪಾನಾ ಹಾಕಿ ನೋಡಿ. ಒಂದೆರಡು ಬೋಲ್ಟು ಕಾಲು ಸುತ್ತು ತಿರುಗಿದರೆ ಗಾಬರಿ ಬೇಡ.

ಗ್ರೀಸು ಪಿನ್ನು, ಬುಷ್ ನಡುವೆ ಇರಬೇಕು, ಕೀಲಿನ ಮೇಲಲ್ಲ. ಹೊರಗೆ ಮೆತ್ತಿದ್ದನ್ನು ಬಟ್ಟೆಯಿಂದ ಒರೆಸಿಬಿಡಿ, ಅದು ದೂಳು ಹಿಡಿಯುವ ಬಲೆ.

ಬಾಗಿಲು ತೆರೆದಾಗ ತಡೆಯುವ ಸ್ಟಾಪರ್ ಪಟ್ಟಿಯನ್ನು ನೋಡಿ. ಆಷಾಢದ ಗಾಳಿಗೆ ಬಯಲಲ್ಲಿ ತೆರೆದಿಟ್ಟ ಬಾಗಿಲು ಸ್ಟಾಪರ್ ಇಲ್ಲದಿದ್ದರೆ ಹಿಂದಕ್ಕೆ ಬಡಿದು ಒಂದೇ ಏಟಿಗೆ ಕೀಲು ಬಗ್ಗಿಸುತ್ತದೆ. ಮೂಲದ್ದಕ್ಕಿಂತ ದೊಡ್ಡ ಟೈರು ಹಾಕಿಸಿಕೊಂಡಿದ್ದರೆ ಸ್ಟೆಪ್ನಿಯೂ ಅಷ್ಟೇ ಭಾರವಾಗಿರುತ್ತದೆ. ನಿಮ್ಮ ಕೀಲು ಲೆಕ್ಕ ಹಾಕಿದ್ದು ಹಳೆಯ ಅಳತೆಗೆ.

ಇನ್ನು ಹಿಂದಿನ ಸೀಟಿಗೆ ಹತ್ತುವವರು. ಮದುವೆಗೆ ಹೊರಟಾಗ ಅಜ್ಜಿಯಿಂದ ಹಿಡಿದು ಎಲ್ಲರೂ ಬಾಗಿಲ ಹಿಡಿಯನ್ನೇ ಹಿಡಿದು ಜೋತುಬಿದ್ದು ಹತ್ತುತ್ತಾರೆ. ಹಿರಿಯರಿಗೆ ಬೇಡ ಎನ್ನಲಾಗುವುದಿಲ್ಲ. ಕಂಬದ ಒಳಬದಿಗೆ ಒಂದು ಗಟ್ಟಿ ಹಿಡಿ ಬೋಲ್ಟ್ ಮಾಡಿಸಿ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.